ಸಬ್‌ವೂಫರ್ ಗುಂಯ್‌ಗುಡುತ್ತಿದೆಯೇ? ಮೊದಲು ಕೋಣೆಯನ್ನು ಗಮನಿಸಿ

ಅಂಗಡಿಯಲ್ಲಿ ಗಂಭೀರವಾಗಿ ನುಡಿದ ಸಬ್‌ವೂಫರ್ ಮನೆಗೆ ಬಂದೊಡನೆ ಗುಂಯ್‌ಗುಡತೊಡಗುತ್ತದೆ. ಚಲನಚಿತ್ರದ ಸ್ಫೋಟಕ್ಕೆ ಕಿಟಕಿ ನಡುಗುತ್ತದೆ, ಮೃದಂಗದ ಎಡಭಾಗದ ನಾದ ಮಾತ್ರ ಸ್ಪಷ್ಟವಾಗಿ ಕೇಳುವುದಿಲ್ಲ. ಸಾವಿರಾರು ರೂಪಾಯಿ ತೆತ್ತವರು ಯಂತ್ರವನ್ನು ದೂರುವುದು ಸಹಜ. ಆದರೆ ದೋಷ ಅನೇಕ ವೇಳೆ ಕೋಣೆಯದ್ದಾಗಿರುತ್ತದೆ.

ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. ಅಂದರೆ 40 ಹರ್ಟ್ಜ್‌ನ ಒಂದು ತರಂಗದ ಉದ್ದವೇ ಎಂಟೂವರೆ ಮೀಟರ್; ನಮ್ಮ ಸಾಮಾನ್ಯ ಹಜಾರಕ್ಕಿಂತ ದೊಡ್ಡದು. ಇಂತಹ ತರಂಗಗಳು ಎದುರುಬದುರು ಗೋಡೆಗಳಿಗೆ ಬಡಿದು ಹಿಂದಿರುಗಿ ಪರಸ್ಪರ ಬೆರೆಯುತ್ತವೆ. 5 ಮೀಟರ್ ಉದ್ದದ ಕೋಣೆಯಲ್ಲಿ ಸುಮಾರು 34 ಹರ್ಟ್ಜ್‌ನ ಸ್ವರ ಗೋಡೆಯ ಬಳಿ ಉಬ್ಬಿ, ನಡುಭಾಗದಲ್ಲಿ ಬಹುತೇಕ ಮಾಯವಾಗುತ್ತದೆ. ಇಟ್ಟಿಗೆ, ಕಾಂಕ್ರೀಟ್ ಗೋಡೆಗಳು ಈ ಶಬ್ದವನ್ನು ಹೀರಿಕೊಳ್ಳುವುದು ತೀರಾ ಕಡಿಮೆ.

ಇದಕ್ಕೆ ಪರಿಹಾರವಾಗಿ ಕೆಲವು ಸಬ್‌ವೂಫರ್‌ಗಳಲ್ಲಿ ಕೋಣೆಗೆ ತಕ್ಕಂತೆ ಧ್ವನಿಯನ್ನು ತಿದ್ದುವ ವ್ಯವಸ್ಥೆ ಅಳವಡಿಸಲಾಗಿದೆ. ವೆಲೊಡೈನ್‌ನ ಡಿಜಿಟಲ್ ಡ್ರೈವ್, ಜೆಎಲ್ ಆಡಿಯೊದ ಫ್ಯಾದಮ್ ಶ್ರೇಣಿಗಳು ಇದಕ್ಕೆ ಉದಾಹರಣೆ. ಕೇಳುಗರು ಕೂರುವ ಜಾಗದಲ್ಲಿ ಮೈಕ್ರೊಫೋನ್ ಇಟ್ಟರೆ, ಯಂತ್ರವು ಪರೀಕ್ಷಾ ಸ್ವರಗಳನ್ನು ಹೊರಡಿಸಿ, ಯಾವ ಸ್ವರ ಉಬ್ಬಿದೆಯೆಂದು ಅಳೆದು, ಅದನ್ನು ಅಷ್ಟರಮಟ್ಟಿಗೆ ತಗ್ಗಿಸುತ್ತದೆ.

ಈ ವ್ಯವಸ್ಥೆಗೂ ಮಿತಿಯಿದೆ. ಉಬ್ಬನ್ನು ತಗ್ಗಿಸುವುದು ಸುಲಭ, ಮಾಯವಾದ ಸ್ವರವನ್ನು ತುಂಬುವುದು ಕಷ್ಟ. 10 ಡೆಸಿಬಲ್ ಏರಿಸಲು ಹತ್ತು ಪಟ್ಟು ಶಕ್ತಿ ಬೇಕು. 50 ವ್ಯಾಟ್ ಸಾಕಾಗುತ್ತಿದ್ದಲ್ಲಿ 500 ವ್ಯಾಟ್. ಅಷ್ಟು ಕೊಟ್ಟರೂ ಪ್ರತಿಫಲಿತ ತರಂಗವೂ ಅಷ್ಟೇ ಬಲಗೊಂಡು ಅದನ್ನು ಅಳಿಸಿಹಾಕುತ್ತದೆ.

ಆದುದರಿಂದ ಮೊದಲು ಸ್ಥಳ, ನಂತರ ತಿದ್ದುಪಡಿ. ಸಬ್‌ವೂಫರನ್ನು ತಾತ್ಕಾಲಿಕವಾಗಿ ನೀವು ಕೂರುವ ಜಾಗದಲ್ಲಿಟ್ಟು, ತಗ್ಗುಸ್ವರಗಳು ಹೆಚ್ಚಿರುವ ಸಂಗೀತ ಹಾಕಿ, ಗೋಡೆಯಂಚಿನಲ್ಲಿ ತಲೆ ಬಗ್ಗಿಸಿ ಆಲಿಸುತ್ತಾ ಸಾಗಿ. ಎಲ್ಲ ಸ್ವರಗಳೂ ಸಮನಾಗಿ ಕೇಳುವ ಕಡೆ ಯಂತ್ರವನ್ನು ಇರಿಸಿ. ಬಳಿಕ ಫ್ಯಾನ್, ಎ.ಸಿ. ಆರಿಸಿ, ಮೈಕ್ರೊಫೋನನ್ನು ಕಿವಿಯ ಎತ್ತರದಲ್ಲಿ ಸ್ಟ್ಯಾಂಡಿನ ಮೇಲಿಟ್ಟು ಅಳತೆ ಮಾಡಿ. ಸೌಲಭ್ಯವಿದ್ದರೆ ಎರಡು ಮೂರು ಆಸನಗಳಲ್ಲೂ ಅಳೆಯುವುದು ಸೂಕ್ತ. ಒಂದೇ ಆಸನಕ್ಕೆ ಮಾಡಿದ ತಿದ್ದುಪಡಿ ಪಕ್ಕದವರಿಗೆ ಹೊಂದದಿರಬಹುದು. ರಿಸೀವರ್‌ನಲ್ಲಿಯೂ ಆಡಿಸಿಯಂತಹ ವ್ಯವಸ್ಥೆಯಿದ್ದರೆ, ಸಬ್‌ವೂಫರ್‌ನದ್ದು ಮುಗಿದ ಮೇಲೆ ಅದನ್ನು ನಡೆಸಿ. ಸೋಫಾ ಅಥವಾ ಸಬ್‌ವೂಫರ್‌ನ ಜಾಗ ಬದಲಾದರೆ ಮತ್ತೆ ಅಳೆಯಬೇಕು.

ತಿದ್ದುಪಡಿಯಾದ ಮೇಲೆ ಬಾಸ್ ಕಡಿಮೆಯಾದಂತೆ ತೋರಬಹುದು. ಕಿವಿಗೆ ಉಬ್ಬಿದ ಸ್ವರವೇ ರೂಢಿಯಾಗಿರುವುದು ಇದಕ್ಕೆ ಕಾರಣ. ಕೂಡಲೇ ವಾಲ್ಯೂಮ್ ಏರಿಸದೆ, ಪರಿಚಿತ ಹಾಡುಗಳನ್ನು ಕೆಲವು ದಿನ ಕೇಳಿ ನಂತರ ನಿರ್ಧರಿಸಿ. ಅಪಾರ್ಟ್‌ಮೆಂಟ್ ವಾಸಿಗಳು ಇನ್ನೊಂದನ್ನು ನೆನಪಿಡಬೇಕು: ಈ ವ್ಯವಸ್ಥೆ ನಿಮ್ಮ ಕಿವಿಗಷ್ಟೇ ಸ್ವರವನ್ನು ಹದಗೊಳಿಸುತ್ತದೆ, ತಗ್ಗುಸ್ವರ ಗೋಡೆ ದಾಟುವುದನ್ನು ತಡೆಯುವುದಿಲ್ಲ. ರಾತ್ರಿ ವೇಳೆ ನೆರೆಮನೆಯವರ ನಿದ್ದೆಗೆ ವಾಲ್ಯೂಮ್ ಗುಂಡಿಯೇ ಕಾವಲು.