ಕ್ರೈಸ್ತ ಪಂಥಗಳು ಮತ್ತು ಸತ್ಯದ ಪ್ರಮಾಣ

ಪ್ರಾಟೆಸ್ಟಂಟರ ಕನ್ನಡ ಬೈಬಲಿಗೆ ‘ಸತ್ಯವೇದ’ವೆಂದು ಹೆಸರು. ಈ ಹೆಸರಿನಲ್ಲಿಯೇ ಒಂದು ವಾದವು ಅಡಗಿದೆ. ಸತ್ಯವು ಗ್ರಂಥದಲ್ಲಿದೆ, ಗ್ರಂಥವೇ ಅದಕ್ಕೆ ಸಾಕ್ಷಿ ಎಂಬುದು ಆ ವಾದ. ರೋಮನ್ ಕ್ಯಾಥೊಲಿಕರು ಬೈಬಲನ್ನು ಪವಿತ್ರವೆಂದು ಒಪ್ಪಿಯೂ ಅದರ ಅರ್ಥನಿರ್ಣಯದ ಅಧಿಕಾರವನ್ನು ಧರ್ಮಸಭೆಗೆ ಕೊಡುತ್ತಾರೆ. ಗ್ರೀಕ್ ಮತ್ತು ರಷ್ಯನ್ ಆರ್ಥೊಡಾಕ್ಸರಿಗೆ ಕ್ರಿ.ಶ. 325ರಿಂದ 787ರವರೆಗೆ ನಡೆದ 7 ಮಹಾಪರಿಷತ್ತುಗಳ ಒಮ್ಮತವು ಮುಖ್ಯ. ಕ್ವೇಕರರು ಮನುಷ್ಯನ ಅಂತರಂಗದಲ್ಲಿ ಬೆಳಗುವ ಜ್ಯೋತಿಯನ್ನು ನಂಬುತ್ತಾರೆ.

ಇವರ ಜಗಳವು ಸಿದ್ಧಾಂತಗಳ ಜಗಳವೆಂದು ಹೊರಗಿನವರಿಗೆ ತೋರುವುದು ಸಹಜ. ಸಿದ್ಧಾಂತಭೇದಗಳೇನೋ ಇವೆ. ಆದರೆ ಪ್ರಮೇಯವನ್ನು ಸಾಧಿಸುವ ಮೊದಲು ಪ್ರಮಾಣವನ್ನು ಗೊತ್ತುಮಾಡಿಕೊಳ್ಳಬೇಕೆಂದು ನಮ್ಮ ದರ್ಶನಕಾರರು ಹೇಳುವುದಷ್ಟೆ. ಆ ದೃಷ್ಟಿಯಿಂದ ನೋಡಿದರೆ ಕ್ರೈಸ್ತ ಪಂಥಗಳ ಬಿರುಕು ಪ್ರಮೇಯದಲ್ಲಿರುವುದಕ್ಕಿಂತ ಹೆಚ್ಚಾಗಿ ಪ್ರಮಾಣದಲ್ಲಿದೆ. ಶಂಕರ, ರಾಮಾನುಜ, ಮಧ್ವರು ಭಿನ್ನ ಮತಗಳನ್ನು ಸ್ಥಾಪಿಸಿದರೂ ಶ್ರುತಿಯನ್ನು ಮೂವರೂ ಪ್ರಮಾಣವೆಂದು ಒಪ್ಪಿದ್ದರು. ರೋಮಿಗೂ ಲೂಥರನಿಗೂ ನಡುವೆ ಅಷ್ಟು ಸಮಾನಭೂಮಿಯೂ ಉಳಿಯಲಿಲ್ಲ.

ಪೂರ್ವಪಶ್ಚಿಮಗಳ ಹಳೆಯ ಬಿರುಕನ್ನೇ ಮೊದಲು ನೋಡಬಹುದು. ಪವಿತ್ರಾತ್ಮನು ತಂದೆಯಿಂದ ಹೊರಡುತ್ತಾನೆಂದು ಮೂಲ ವಿಶ್ವಾಸಸೂತ್ರದಲ್ಲಿತ್ತು. ‘ಮಗನಿಂದಲೂ’ ಎಂಬ ಮಾತನ್ನು ಪಶ್ಚಿಮದವರು ಸೇರಿಸಿದರು. 1014ರಲ್ಲಿ ರೋಮೂ ಅದನ್ನು ಬಳಕೆಗೆ ತಂದಿತು. ಆ ಮಾತಿನ ತತ್ತ್ವದ ಬಗ್ಗೆ ಗ್ರೀಕರಿಗೆ ಆಕ್ಷೇಪವಿತ್ತು. ಆದರೆ ಮಹಾಪರಿಷತ್ತು ಕೊಟ್ಟ ಸೂತ್ರಕ್ಕೆ ಒಂದು ಸಭೆಯು ತಾನೊಂದೇ ಪದ ಸೇರಿಸಬಹುದೆ ಎಂಬ ಆಕ್ಷೇಪವೂ ಅಷ್ಟೇ ಬಲವಾಗಿತ್ತು. 1054ರ ಜುಲೈ 16ರಂದು ಪೋಪರ ಪ್ರತಿನಿಧಿ ಹಂಬರ್ಟನು ಕಾನ್‌ಸ್ಟಾಂಟಿನೋಪಲಿನ ಹಾಗಿಯಾ ಸೋಫಿಯಾದಲ್ಲಿ ಇಟ್ಟ ಬಹಿಷ್ಕಾರಪತ್ರದಲ್ಲಿ ಗ್ರೀಕರು ಆ ಮಾತನ್ನು ಸೂತ್ರದಿಂದ ತೆಗೆದುಹಾಕಿದ್ದಾರೆಂಬ ಆರೋಪವಿದ್ದಿತು. ಸೇರಿಸಿದವರೇ ತೆಗೆದರೆಂದು ದೂರಿದರು! ಪರಸ್ಪರ ಬಹಿಷ್ಕಾರಗಳನ್ನು ಹಿಂದೆಗೆದುಕೊಂಡದ್ದು 1965ರ ಡಿಸೆಂಬರ್ 7ರಂದು.

ಪಶ್ಚಿಮದಲ್ಲಿ ಪ್ರಮಾಣದ ಪ್ರಶ್ನೆ ಬಯಲಿಗೆ ಬಂದದ್ದು 1519ರ ಲೈಪ್‌ಜಿಗ್ ವಾದದಲ್ಲಿ. ಅಲ್ಲಿಗೆ ಬಂದಾಗ ಲೂಥರನು ಪೋಪರ ಅಧಿಕಾರವನ್ನು ಮಾತ್ರ ಪ್ರಶ್ನಿಸುತ್ತಿದ್ದನು. ಎದುರಾಳಿ ಎಕ್ ಎಂಬ ಪಂಡಿತನು ಅವನನ್ನು ಮೆಲ್ಲಮೆಲ್ಲನೆ ಇನ್ನೊಂದು ಮೂಲೆಗೆ ತಳ್ಳಿದನು. ಬೊಹೀಮಿಯದ ಯಾನ್ ಹುಸ್‌ನನ್ನು ಕಾನ್‌ಸ್ಟನ್ಸಿನ ಪರಿಷತ್ತು ಪಾಷಂಡಿಯೆಂದು ಸಾರಿ 1415ರಲ್ಲಿ ಸುಡಿಸಿತ್ತು. ಲೂಥರನ ಮಾತು ಹುಸ್‌ನ ಮಾತಿನಂತೆಯೇ ಇಲ್ಲವೆ ಎಂದು ಅವನು ಕೇಳಿದನು. ಹುಸ್‌ನ ಕೆಲವು ಮಾತುಗಳು ನಿಜವಾದ ಕ್ರೈಸ್ತ ಮಾತುಗಳೇ ಎಂದೂ ಪರಿಷತ್ತುಗಳೂ ತಪ್ಪಬಹುದೆಂದೂ ಲೂಥರನು ಒಪ್ಪಬೇಕಾಯಿತು. ಪೋಪರನ್ನು ಬಿಟ್ಟು, ಪರಿಷತ್ತನ್ನೂ ಬಿಟ್ಟ ಮೇಲೆ ಉಳಿದದ್ದು ಗ್ರಂಥ ಮತ್ತು ಅದಕ್ಕೆ ಕಟ್ಟುಬಿದ್ದ ಮನಸ್ಸಾಕ್ಷಿ.

ಇದಕ್ಕೆ ರೋಮಿನ ಉತ್ತರವು ದುರ್ಬಲವಾಗಿರಲಿಲ್ಲ. ಗ್ರಂಥದಲ್ಲಿ ಯಾವ ಪುಸ್ತಕಗಳು ಸೇರಬೇಕೆಂಬ ಪಟ್ಟಿಯು ಗ್ರಂಥದಲ್ಲಿಲ್ಲ. ಆ ಪಟ್ಟಿಯನ್ನು ನಿರ್ಣಯಿಸಿದ್ದು ಸಭೆ. ಹಾಗಿರಲು ಸಭೆಯನ್ನು ಬಿಟ್ಟು ಗ್ರಂಥವನ್ನು ಹಿಡಿಯುವುದು ಹೇಗೆ? 1546ರ ಏಪ್ರಿಲ್ 8ರಂದು ಟ್ರೆಂಟಿನ ಪರಿಷತ್ತು ಪುಸ್ತಕಗಳ ಪಟ್ಟಿಯನ್ನು ಖಚಿತಪಡಿಸಿ, ಗ್ರಂಥವನ್ನೂ ಅಪೊಸ್ತಲರಿಂದ ಬಂದ ಪರಂಪರೆಯನ್ನೂ ಸಮಾನ ಗೌರವದಿಂದ ಸ್ವೀಕರಿಸಬೇಕೆಂದು ಸಾರಿತು. 1534ರ ಜರ್ಮನ್ ಬೈಬಲಿನಲ್ಲಿ ಲೂಥರನು ಓದಲು ಒಳ್ಳೆಯವೆಂದು ಬೇರೆ ಇರಿಸಿದ್ದ ಕೆಲವು ಪುಸ್ತಕಗಳು ಆ ಪಟ್ಟಿಯಲ್ಲಿ ಪೂರ್ಣ ಪ್ರಾಮಾಣ್ಯವನ್ನು ಪಡೆದವು.

ಕಾಲ್ವಿನನ ಪ್ರತ್ಯುತ್ತರವು ನಮ್ಮ ಮೀಮಾಂಸಕರ ಸ್ವತಃಪ್ರಾಮಾಣ್ಯವಾದವನ್ನು ನೆನಪಿಗೆ ತರುತ್ತದೆ. ಗ್ರಂಥಕ್ಕೆ ಹೊರಗಿನ ಸಾಕ್ಷಿ ಬೇಡ. ಅದು ತನ್ನಿಂದ ತಾನೇ ಪ್ರಮಾಣ. ಓದುವವನ ಹೃದಯದಲ್ಲಿ ಪವಿತ್ರಾತ್ಮನು ಅದನ್ನು ದೃಢಪಡಿಸುತ್ತಾನೆ ಎಂದು ಅವನು ವಾದಿಸಿದನು. ಹಾಗಾದರೆ ಇಬ್ಬರ ಹೃದಯಗಳಲ್ಲಿ ಎರಡು ಅರ್ಥಗಳು ದೃಢಪಟ್ಟರೆ ನಿರ್ಣಯಿಸುವವರು ಯಾರು ಎಂದು ಕ್ಯಾಥೊಲಿಕರು ಕೇಳಿದರು. ಸಭೆಗೆ ಅಧಿಕಾರ ಬಂದದ್ದು ಎಲ್ಲಿಂದ ಎಂದು ಪ್ರಾಟೆಸ್ಟಂಟರು ಮರುಪ್ರಶ್ನೆ ಹಾಕಿದರು. ಯೇಸುವು ಪೇತ್ರನಿಗೆ ಹೇಳಿದ ಮಾತುಗಳಿಂದ ಎಂದು ಉತ್ತರ. ಆ ಮಾತುಗಳಿರುವುದಾದರೋ ಗ್ರಂಥದಲ್ಲಿಯೇ! ವ್ಯವಹಾರದ ಭಾಷೆಯಲ್ಲಿ ಹೇಳುವುದಾದರೆ, ಎರಡು ಪೇಢಿಗಳೂ ತಮ್ಮ ಲೆಕ್ಕವನ್ನು ತಾವೇ ತಪಾಸಣೆಮಾಡಿ ಸರಿಯೆಂದು ರುಜು ಹಾಕಿಕೊಂಡಿದ್ದವು.

ಗ್ರಂಥವೊಂದನ್ನೇ ಹಿಡಿದವರೊಳಗಾದರೂ ಐಕ್ಯವಿತ್ತೆ? 1529ರ ಅಕ್ಟೋಬರಿನಲ್ಲಿ ಹೆಸ್ಸೆಯ ಅರಸನಾದ ಫಿಲಿಪನು ಲೂಥರನನ್ನೂ ಜ್ಯೂರಿಕ್ಕಿನ ಜ್ವಿಂಗ್ಲಿಯನ್ನೂ ಮಾರ್ಬುರ್ಗಿನ ಕೋಟೆಗೆ ಕರೆಸಿದನು. ಬಾಸೆಲ್ ನಗರದಿಂದ ಇಕೊಲಂಪಾಡಿಯಸನೂ ಬಂದಿದ್ದನು. ಚಕ್ರವರ್ತಿಯ ಎದುರು ಸುಧಾರಕರೆಲ್ಲ ಒಟ್ಟಾಗಬೇಕೆಂಬುದು ಫಿಲಿಪನ ಉದ್ದೇಶ. 15 ಪ್ರಕರಣಗಳಲ್ಲಿ 14ಕ್ಕೆ ಎಲ್ಲರೂ ಒಪ್ಪಿದರು. ಹದಿನೈದನೆಯದು ಪ್ರಭುಭೋಜನದ ವಿಷಯ. ಯೇಸುವು ರೊಟ್ಟಿಯನ್ನು ತನ್ನ ದೇಹವೆಂದು ಹೇಳಿದ ಮಾತಿಗೆ ಲೂಥರನು ಮುಖ್ಯಾರ್ಥವನ್ನು ಹಿಡಿದನು. ಜ್ವಿಂಗ್ಲಿ ಲಕ್ಷಣಾರ್ಥವನ್ನು ಹಿಡಿದು, ರೊಟ್ಟಿಯು ದೇಹವನ್ನು ಸೂಚಿಸುತ್ತದೆ ಎಂದನು. ಲೂಥರನು ಆ ಲ್ಯಾಟಿನ್ ಮಾತನ್ನು ಸೀಮೆಸುಣ್ಣದಿಂದ ಮೇಜಿನ ಮೇಲೆ ಬರೆದುಕೊಂಡು ಕುಳಿತಿದ್ದನೆಂಬುದು ಪ್ರಸಿದ್ಧ. ಇಬ್ಬರೂ ಗ್ರಂಥವನ್ನು ಓದಿದವರು, ಭಾಷೆಗಳನ್ನು ಬಲ್ಲವರು, ಪ್ರಾಮಾಣಿಕರು. ಒಂದು ಕ್ರಿಯಾಪದವು ಅವರನ್ನು ಅಗಲಿಸಿತು. ಎದುರಿನವರಲ್ಲಿರುವುದು ಬೇರೆಯೇ ಆತ್ಮವೆಂದು ಲೂಥರನು ತೀರ್ಮಾನಿಸಿದನು.

ಮಾರ್ಬುರ್ಗಿನಲ್ಲಿ ಯಾರ ಪ್ರಾಣವೂ ಹೋಗಲಿಲ್ಲ. ಸ್ಪೇನಿನ ವೈದ್ಯ ಸರ್ವೀಟಸನ ಭಾಗ್ಯ ಹಾಗಿರಲಿಲ್ಲ. ತ್ರಿತ್ವದ ಸಿದ್ಧಾಂತಕ್ಕೆ ಗ್ರಂಥದಲ್ಲಿ ಆಧಾರವಿಲ್ಲವೆಂದು ಅವನು 1531ರಲ್ಲಿಯೇ ಬರೆದಿದ್ದನು. ಗ್ರಂಥವೊಂದೇ ಪ್ರಮಾಣವೆಂದವರ ಆಯುಧವನ್ನು ಅವನು ಅವರ ಮೇಲೆಯೇ ತಿರುಗಿಸಿದ್ದನು. ಫ್ರಾನ್ಸಿನ ಕ್ಯಾಥೊಲಿಕರು ಅವನನ್ನು ಸೆರೆಹಿಡಿದಿದ್ದರು. ತಪ್ಪಿಸಿಕೊಂಡು ಹೋದಾಗ ಅವನ ಪ್ರತಿಕೃತಿಯನ್ನು ಸುಟ್ಟರು. ಕಾಲ್ವಿನನ ಜಿನೀವಾದಲ್ಲಿ 1553ರ ಅಕ್ಟೋಬರ್ 27ರಂದು ಅವನನ್ನೇ ಸುಟ್ಟರು. ಬೇರಾವುದರಲ್ಲಿಯೂ ಕೂಡದ ಎರಡು ಪ್ರಮಾಣಗಳು ದಂಡನೆಯಲ್ಲಿ ಕೂಡಿದವು.

ಮರುವರ್ಷವೇ ಬಾಸೆಲಿನಿಂದ, ಪಾಷಂಡಿಗಳನ್ನು ದಂಡಿಸಬಹುದೆ ಎಂಬುದನ್ನು ವಿಚಾರಿಸುವ ಪುಸ್ತಕವೊಂದು ಹೊರಬಂದಿತು. ಸುಳ್ಳು ಹೆಸರಿನಲ್ಲಿ ಅದನ್ನು ಹೊರತಂದವನು ಅಲ್ಲಿಯ ಗ್ರೀಕ್ ಅಧ್ಯಾಪಕನಾದ ಕಸ್ಟೆಲ್ಲಿಯೊ. ಅವನ ವಾದದ ಸಾರವು ಸರಳ: ವಿವಾದಕ್ಕೊಳಗಾದ ವಿಷಯಗಳು ಗ್ರಂಥದಲ್ಲಿ ಸ್ಪಷ್ಟವಾಗಿದ್ದರೆ ಇಷ್ಟು ಕಾಲದಿಂದ ವಿವಾದವೇ ಇರುತ್ತಿರಲಿಲ್ಲ, ಅಸ್ಪಷ್ಟವಾದುದಕ್ಕಾಗಿ ಮನುಷ್ಯನನ್ನು ಕೊಲ್ಲುವುದು ನ್ಯಾಯವಲ್ಲ. ಸತ್ಯವೇ ಇಲ್ಲವೆಂದು ಅವನು ಹೇಳಲಿಲ್ಲ. ಸತ್ಯವಿರುವುದೂ ಅದು ತನ್ನ ಕೈಯಲ್ಲಿದೆಯೆಂಬ ನಿಶ್ಚಯವೂ ಎರಡು ಬೇರೆ ಸಂಗತಿಗಳೆಂಬುದನ್ನು ಅವನಷ್ಟು ಸ್ಪಷ್ಟವಾಗಿ ಕಂಡವರು ಆ ಶತಮಾನದಲ್ಲಿ ವಿರಳ. 1563ರಲ್ಲಿ ತೀರಿಕೊಂಡಾಗ ಅವನ ಮೇಲೂ ಪಾಷಂಡದ ಆರೋಪವು ನಡೆಯುತ್ತಿತ್ತು.

ಮಾರ್ಬುರ್ಗಿನ ಹದಿನೈದನೆಯ ಪ್ರಕರಣವು ಬಗೆಹರಿದದ್ದು ಅದೇ ಬಾಸೆಲಿನ ಸಮೀಪದ ಲೊಯನ್‌ಬೆರ್ಗಿನಲ್ಲಿ, 1973ರ ಮಾರ್ಚ್ 16ರಂದು. ಹಿಂದಿನವರ ಪರಸ್ಪರ ಖಂಡನೆಗಳು ಇಂದಿನ ಬೋಧನೆಗೆ ತಗಲುವುದಿಲ್ಲವೆಂದು ಐರೋಪ್ಯ ಲೂಥರನ್ ಮತ್ತು ರಿಫಾರ್ಮ್ಡ್ ಸಭೆಗಳು ಒಪ್ಪಿದವು. 444 ವರ್ಷ ಹಿಡಿಯಿತು. ಕನ್ನಡಿಗರು ಬಲ್ಲ ಬಾಸೆಲ್ ಮಿಶನ್ನಿನಲ್ಲಾದರೆ ಈ ಎರಡು ಪಂಥದವರೂ ಮೊದಲಿನಿಂದ ಜೊತೆಗೂಡಿದ್ದರು. ವ್ಯೂರ್ಟೆಂಬೆರ್ಗಿನ ಲೂಥರನರೂ ಸ್ವಿಟ್ಸರ್ಲೆಂಡಿನ ರಿಫಾರ್ಮ್ಡ್ ಪಂಥದವರೂ ಅದನ್ನು ನಡೆಸಿದರು. 1834ರಲ್ಲಿ ಅದು ಮಂಗಳೂರಿಗೆ ಬಂದಿತು. ಕಿಟ್ಟೆಲರ ನಿಘಂಟು 1894ರಲ್ಲಿ ಹೊರಬಂದದ್ದು ಆ ಮಿಶನ್ನಿನ ಮುದ್ರಣಾಲಯದಿಂದ.

ಆ ಮಿಶನ್ನಿನ ದಕ್ಷಿಣ ಕನ್ನಡದ ಸಭೆಗಳು ಈಗ ಸೇರಿರುವ ದಕ್ಷಿಣ ಇಂಡಿಯಾ ಸಭೆಯು 1947ರ ಸೆಪ್ಟೆಂಬರ್ 27ರಂದು ಮದರಾಸಿನಲ್ಲಿ ಸ್ಥಾಪಿತವಾಯಿತು. ಆಂಗ್ಲಿಕನರು, ಮೆಥೊಡಿಸ್ಟರು, ಪ್ರೆಸ್ಬಿಟೇರಿಯನರು, ಕಾಂಗ್ರಿಗೇಶನಲರು ಅಲ್ಲಿ ಒಂದಾದರು. ಅಲ್ಲಿಯೂ ತೊಡಕಾದದ್ದು ಅಧಿಕಾರದ ಪ್ರಶ್ನೆಯೇ: ಅಪೊಸ್ತಲರಿಂದ ಅವಿಚ್ಛಿನ್ನವಾಗಿ ಬಂದ ಬಿಷಪರ ಹಸ್ತದಿಂದ ದೀಕ್ಷೆ ಪಡೆಯದವನು ಯಾಜಕನಾಗಬಲ್ಲನೆ? ಮುಂದಿನ ದೀಕ್ಷೆಗಳೆಲ್ಲ ಬಿಷಪರಿಂದ ಆಗಬೇಕು. ಈಗಾಗಲೇ ಸೇವೆಯಲ್ಲಿರುವವರಿಗೆ ಮರುದೀಕ್ಷೆ ಬೇಡ ಎಂದು ನಿರ್ಣಯವಾಯಿತು. ಇಂಗ್ಲೆಂಡಿನ ಕೆಲವು ಆಂಗ್ಲಿಕನರು ಪ್ರತಿಭಟಿಸಿದರು. ಆಂಗ್ಲಿಕನ್ ಸಭೆಗಳೊಡನೆ ಪೂರ್ಣಸಂಬಂಧವು ಕೂಡಲೇ ಒದಗಲಿಲ್ಲ.

ರೋಮ್ ಮತ್ತು ಲೂಥರನರ ನಡುವೆ ಸಿದ್ಧಾಂತವು ಬಹುದೂರ ಸಮೀಪಿಸಿದೆ. ಪಾಪಿಯಾದ ಮನುಷ್ಯನು ದೇವರ ಮುಂದೆ ನೀತಿವಂತನೆನಿಸುವುದು ಹೇಗೆಂಬುದು ಲೂಥರನ ಮೂಲಪ್ರಶ್ನೆ. ಅದರ ಮೂಲತತ್ತ್ವಗಳಲ್ಲಿ ಒಮ್ಮತವಿದೆಯೆಂದು 1999ರ ಅಕ್ಟೋಬರ್ 31ರಂದು ಆಗ್ಸ್‌ಬುರ್ಗಿನಲ್ಲಿ ಇಬ್ಬರೂ ಸಹಿ ಹಾಕಿದರು. ಮರುವರ್ಷ ವ್ಯಾಟಿಕನ್ನಿನಿಂದ ಇನ್ನೊಂದು ಪತ್ರ ಹೊರಟಿತು. ಆರ್ಥೊಡಾಕ್ಸರು ರೋಮಿನೊಡನೆ ಪೂರ್ಣವಾಗಿ ಕೂಡಿಲ್ಲದಿದ್ದರೂ ಅವರದು ನಿಜವಾದ ಸಭೆ, ಏಕೆಂದರೆ ಅವರಲ್ಲಿ ಬಿಷಪರ ಪರಂಪರೆ ಉಳಿದಿದೆ. ಅದು ಉಳಿಯದ ಸಮುದಾಯಗಳನ್ನು ಸಭೆಯೆಂಬ ಪದದ ಪೂರ್ಣಾರ್ಥದಲ್ಲಿ ಸಭೆಗಳೆನ್ನಲಾಗದು ಎಂದು ಅದರಲ್ಲಿತ್ತು.