ಕತ್ತಲಲ್ಲಿ ವಿಡಿಯೊ ಮಾಡೋದು ಹೇಗೆ?

ನಮ್ಮ ಮನೆ ವಿಡಿಯೊಗಳಲ್ಲಿ ಮುಖಕ್ಕಿಂತ ಕೈ ಜಾಸ್ತಿ ಕಾಣುತ್ತೆ. ಅದು ನನ್ನ ಸೋದರಮಾವನ ಕೈ. ಅರಸೀಕೆರೆಯಲ್ಲಿ ಮೂವತ್ತು ವರ್ಷ ಫೋಟೊ ಸ್ಟುಡಿಯೊ ನಡೆಸಿ, ಡಿಜಿಟಲ್ ಬಂದ ಮೇಲೆ ಬಾಗಿಲು ಹಾಕಿ, ಈಗ ಬೆಂಗಳೂರಲ್ಲಿ ಮಗಳ ಮನೆಯಲ್ಲಿದ್ದಾರೆ. ಅವರಿಗೆ ಗ್ಲಾಕೋಮ. ಒಂದು ಕಣ್ಣು ಹೆಚ್ಚುಕಮ್ಮಿ ಹೋಗಿದೆ, ಇನ್ನೊಂದರಲ್ಲಿ ಅಂಚಿನ ನೋಟ ಕುಗ್ಗುತ್ತಾ ಬರ್ತಿದೆ. ಹೋಗಿರೋ ದೃಷ್ಟಿ ವಾಪಸ್ ಬರಲ್ಲ, ಡ್ರಾಪ್ಸ್ ಹಾಕಿ ಇರೋದನ್ನ ಉಳಿಸಿಕೊಳ್ಳಬೇಕು ಅಂದ್ರು ಡಾಕ್ಟರು. ಆ ವಾರವೇ ಮಾವ ಹಳೇ ಯಾಷಿಕಾ ಕ್ಯಾಮೆರಾ ತೆಗೆದು ನನ್ನ ಕೈಗಿಟ್ಟು, "ಕಲಿಯೋದಿದ್ರೆ ಈಗಲೇ ಕಲಿ ಕಣಮ್ಮ" ಅಂದ್ರು. ಅವರು ಕಲಿಸೋದು, ನಾನು ಕಲಿಯೋದು, ನನ್ನ ಗಂಡ ಫೋನಲ್ಲಿ ಶೂಟ್ ಮಾಡೋದು. ಭಾನುವಾರಗಳೆಲ್ಲ ಹೀಗೇ ಹೋಗ್ತಿವೆ.

ಇದು 120 ಫಿಲ್ಮ್ ಹಾಕುವ ಕ್ಯಾಮೆರಾ. 1901ರಲ್ಲಿ ಕೊಡಾಕ್ ತನ್ನ ಬ್ರೌನಿ ಕ್ಯಾಮೆರಾಕ್ಕಾಗಿ ತಂದ ಈ ಅಳತೆಯ ಫಿಲ್ಮ್ ಇವತ್ತಿಗೂ ತಯಾರಾಗ್ತಿದೆ. ಡಬ್ಬಿ ಇರಲ್ಲ. ಕಪ್ಪು ಕಾಗದದ ಬೆನ್ನಿಗಂಟಿಸಿ ಸುತ್ತಿರ್ತಾರೆ ಅಷ್ಟೆ. ಚೌಕದ ಫ್ರೇಮಾದರೆ ಒಂದು ರೋಲಿಗೆ ಹನ್ನೆರಡೇ ಫೋಟೊ. ಆದರೆ ಒಂದೊಂದು ನೆಗೆಟಿವ್ ಕೂಡ ಮಾಮೂಲಿ 35 ಎಂಎಂ ನೆಗೆಟಿವ್‌ನ ಮೂರೂವರೆ ಪಟ್ಟು ದೊಡ್ಡದು. ಮೀಡಿಯಂ ಫಾರ್ಮ್ಯಾಟ್ ಅಂದರೆ ಇದೇ. ಹೆಸರು ಕೇಳಿ ಇದೇನೋ ವಿದೇಶಿ ಶೋಕಿ ಅನ್ಕೋಬೇಡಿ. ಬರೋಡಾದಲ್ಲಿ ತಯಾರಾಗ್ತಿದ್ದ ಆಗ್ಫಾ ಕ್ಲಿಕ್ 3 ಕೂಡ ಇದೇ ಫಿಲ್ಮಿನದು. ನಿಮ್ಮಜ್ಜಿಯ ಆಲ್ಬಮ್ಮಿನ ಚೌಕದ ಫೋಟೊಗಳು ಅದರಲ್ಲೇ ತೆಗೆದವಾಗಿರಬಹುದು. ಊಟಿಯ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್‌ನ 'ಇಂದು' ಫಿಲ್ಮಿನ ನೆನಪು ಮಾವನಿಗೆ ಈಗಲೂ ಇದೆ. ಈಗ ಒಂದು ಕಪ್ಪು-ಬಿಳುಪು ರೋಲ್‌ಗೆ ಸಾವಿರ ರೂಪಾಯಿ ಆಸುಪಾಸು. ಹಾಗಾಗಿ ಒಂದು ಕ್ಲಿಕ್ಕಿಗೆ ಮುಂಚೆ ನಮ್ಮಲ್ಲಿ ಸಣ್ಣ ಸಂಸತ್ ಅಧಿವೇಶನವೇ ನಡೆಯುತ್ತೆ.

ಮಾವನದು ಯಾಷಿಕಾ ಮ್ಯಾಟ್ 124ಜಿ. ಎರಡು ಲೆನ್ಸ್: ಮೇಲಿನದು ನೋಡೋಕೆ, ಕೆಳಗಿನದು ತೆಗೆಯೋಕೆ. ಕ್ಯಾಮೆರಾ ಹೊಟ್ಟೆ ಮಟ್ಟದಲ್ಲಿ ಹಿಡಿದು ತಲೆ ಬಗ್ಗಿಸಿ ಗಾಜಿನೊಳಗೆ ನೋಡಬೇಕು. ನಮ್ಮ ದೇಶದ ಮೊದಲ ಮಹಿಳಾ ಫೋಟೊ ಪತ್ರಕರ್ತೆ ಹೋಮೈ ವ್ಯಾರಾವಾಲಾ ಕೈಯಲ್ಲಿದ್ದ ರೋಲಿಫ್ಲೆಕ್ಸ್ ಕೂಡ ಇದೇ ಜಾತಿ. ಗಾಜಿನ ಮೇಲೆ ಎಡ ಬಲ ಅದಲುಬದಲು. ನೀವು ಬಲಕ್ಕೆ ತಿರುಗಿದರೆ ಚಿತ್ರ ಉಲ್ಟಾ ಓಡುತ್ತೆ. ಈ ತಮಾಷೆ ಬಾಯಲ್ಲಿ ಹೇಳಿದರೆ ಅರ್ಥವಾಗಲ್ಲ, ವಿಡಿಯೊದಲ್ಲಿ ತೋರಿಸಿದರೆ ಹತ್ತು ಸೆಕೆಂಡು ಸಾಕು. ಅದಕ್ಕೆ ಫೋನನ್ನ ಸ್ಟ್ಯಾಂಡಿಗೆ ಹಾಕಿ ಗಾಜಿನ ನೇರ ಮೇಲಿಡಿ, ಸುತ್ತ ಕಪ್ಪು ಬಟ್ಟೆ ಮುಚ್ಚಿ, ಫೋಕಸ್ ಮತ್ತು ಎಕ್ಸ್‌ಪೋಶರ್ ಲಾಕ್ ಮಾಡಿ. ಮನೆ ಲೈಟಲ್ಲಿ ಪಟ್ಟೆ ಪಟ್ಟೆ ಬಂದರೆ ಫೋನ್ ಕೆಟ್ಟಿದೆ ಅಂತಲ್ಲ. ನಮ್ಮ ಕರೆಂಟು 50 ಹರ್ಟ್ಜ್. ಸೆಕೆಂಡಿಗೆ 25 ಫ್ರೇಮು, ಶಟರ್ 1/50 ಇಟ್ಟರೆ ಸಾಮಾನ್ಯವಾಗಿ ಹೋಗುತ್ತೆ.

ನಿಜವಾದ ಪೇಚು ಇರೋದು ಫಿಲ್ಮನ್ನ ಡೆವಲಪಿಂಗ್ ಟ್ಯಾಂಕಿನ ರೀಲಿಗೆ ಹಾಕುವಾಗ. ಅದಕ್ಕೆ ಪೂರ್ತಿ ಕತ್ತಲೆ ಬೇಕು. ಕತ್ತಲಲ್ಲಿ ಏನು ಶೂಟ್ ಮಾಡ್ತೀರಿ? ಮೊದಲು ಒಂದು ಹಾಳು ರೋಲ್ ಇಟ್ಟುಕೊಂಡು ಬೆಳಕಲ್ಲೇ ತೋರಿಸಿ ಅಂದೆ. ಮಾವನಿಗೆ ಬರಲೇ ಇಲ್ಲ! ರೀಲಿನ ಕಚ್ಚು ಹುಡುಕಿ ಹುಡುಕಿ ಸಿಟ್ಟು ಬಂತು ಅವರಿಗೆ. "ಲೈಟ್ ಆರಿಸ್ರೋ" ಅಂದ್ರು. ಆರಿಸಿದ್ವಿ. ಒಂದು ನಿಮಿಷದಲ್ಲಿ ಮುಗಿಸಿದ್ರು. ಮೂವತ್ತು ವರ್ಷ ಬೆರಳಲ್ಲೇ ಮಾಡಿದ ಕೆಲಸಕ್ಕೆ ಕಣ್ಣು ಅಡ್ಡ ಬರ್ತಿತ್ತು.

ಹಾಗಾಗಿ ಆ ಭಾಗಕ್ಕೆ ಚಿತ್ರವೇ ಇಲ್ಲ. ಕಪ್ಪು ಪರದೆ, ಮಾವನ ದನಿ, ಕಾಗದ ಬಿಚ್ಚುವ ಸರಸರ, ರೀಲಿನ ಟಕ್ ಟಕ್. "ಕಾಗದ ಬಿಡಿಸ್ತಾ ಹೋಗು, ಫಿಲ್ಮಿನ ತುದಿ ತಾನೇ ಸಿಗುತ್ತೆ. ಕೊನೇಲಿ ಟೇಪ್ ಬರುತ್ತೆ, ಜೋರಾಗಿ ಕೀಳಬೇಡ." ಜೋರಾಗಿ ಕಿತ್ತರೆ ಆ ಅಂಟಿನಿಂದಲೇ ಸಣ್ಣ ಮಿಣುಕು ಬೆಳಕು ಬರುತ್ತೆ. ಮೊದಲ ಸಲ ನೋಡಿದಾಗ ನಾನು ಬೆಚ್ಚಿಬಿದ್ದೆ. ರೀಲ್ ಒಣಗಿರಬೇಕು, ಒಂದು ಹನಿ ನೀರಿದ್ದರೂ ಫಿಲ್ಮ್ ಅಲ್ಲೇ ಸಿಕ್ಕಿಕೊಳ್ಳುತ್ತೆ. ನಾಲ್ಕೂವರೆ ನಿಮಿಷದ ಈ ಕಪ್ಪು ವಿಡಿಯೊನೇ ನಮ್ಮ ಫ್ಯಾಮಿಲಿ ಗ್ರೂಪಲ್ಲಿ ಎಲ್ಲರಿಗೂ ಇಷ್ಟ ಆಗಿದ್ದು.

ಉಳಿದಿದ್ದು ಅಡುಗೆ ಮನೆ ಕೆಲಸ. ಎಚ್‌ಪಿ5 ಫಿಲ್ಮಿಗೆ ಡಿ-76 ಡೆವಲಪರ್, ನೀರು ಬೆರೆಸದೆ ಹಾಗೇ, 20 ಡಿಗ್ರಿಯಲ್ಲಿ ಏಳೂವರೆ ನಿಮಿಷ. ಏಪ್ರಿಲ್‌ನಲ್ಲಿ ನಲ್ಲಿ ನೀರು 20 ಡಿಗ್ರಿ ಎಲ್ಲಿಂದ ಬರಬೇಕು? ಬೋಗುಣಿಗೆ ಐಸ್ ಹಾಕಿ ಅದರೊಳಗೆ ಬಾಟಲಿ ನಿಲ್ಲಿಸ್ತೀವಿ. ತೊಳೆಯೋಕೆ ನಲ್ಲಿ ಬಿಟ್ಟಿರಬೇಕಾಗಿಲ್ಲ. ಫಿಕ್ಸರ್ ಆದ ಮೇಲೆ ಟ್ಯಾಂಕಿಗೆ ನೀರು ತುಂಬಿ ಐದು ಸಲ ಮಗುಚಿ ಚೆಲ್ಲಿ, ಹೊಸ ನೀರಲ್ಲಿ ಹತ್ತು ಸಲ, ಮತ್ತೆ ಇಪ್ಪತ್ತು ಸಲ. ಇದು ಇಲ್‌ಫರ್ಡ್‌ನವರೇ ಹೇಳಿಕೊಟ್ಟ ಕ್ರಮ, ಟ್ಯಾಂಕರ್ ನೀರಿಗೆ ಕಾಯುವ ನಮಗೆ ಹೇಳಿ ಮಾಡಿಸಿದ ಹಾಗಿದೆ. ಕೊನೆಯ ಜಾಲಾಟಕ್ಕೆ ಮಾತ್ರ ಬೋರ್‌ವೆಲ್ ನೀರು ಬೇಡ, ಕಲೆ ಉಳಿಯುತ್ತೆ.

ಸ್ಟುಡಿಯೊದಿಂದ ಬಂದ ಹದಿನಾಲ್ಕು ಪೆಟ್ಟಿಗೆ ನೆಗೆಟಿವ್‌ಗಳೂ ಇವೆ. ಯಾರದೋ ಮದುವೆ, ನಾಮಕರಣ, ಎಸ್‌ಎಸ್‌ಎಲ್‌ಸಿ ಗ್ರೂಪ್ ಫೋಟೊ. ಎರಡು ಪೆಟ್ಟಿಗೆ ವಿನೆಗರ್ ವಾಸನೆ ಹೊಡೀತಿವೆ. ಫಿಲ್ಮಿನ ಅಸಿಟೇಟ್ ಕೊಳೆಯೋಕೆ ಶುರುವಾದ ಗುರುತು ಅದು, ಪಕ್ಕದವಕ್ಕೂ ಹರಡುತ್ತೆ. ಅವನ್ನ ಬೇರೆ ಇಟ್ಟು ಮೊದಲು ಕಾಪಿ ಮಾಡ್ತಿದ್ದೀವಿ. ಟ್ಯಾಬ್ ಮೇಲೆ ಬಿಳಿ ಸ್ಕ್ರೀನ್, ಒಂದೆರಡು ಇಂಚು ಮೇಲೆ ಗಾಜು, ಅದರ ಮೇಲೆ ನೆಗೆಟಿವ್, ಮೇಲಿಂದ ಫೋನ್. ಗಾಜು ಎತ್ತರದಲ್ಲಿಲ್ಲದಿದ್ದರೆ ಸ್ಕ್ರೀನಿನ ಚುಕ್ಕಿಗಳೂ ಫೋಟೊದಲ್ಲಿ ಬರುತ್ವೆ. ನಾನು ಮುಖಗಳನ್ನ ವರ್ಣಿಸ್ತೀನಿ, ಮಾವ ಹೆಸರು ಹೇಳ್ತಾರೆ, ಅದೂ ರೆಕಾರ್ಡ್ ಆಗುತ್ತೆ. "ಕಿವಿಗೆ ಏಳು ಕಲ್ಲಿನ ಓಲೆ ಇದೆಯಾ? ಹಂಗಾದ್ರೆ ಬಾಣಾವರದವರ ಮಗಳು."

ಇನ್ನು ಪ್ರಿಂಟ್ ಹಾಕೋದು ಒಂದೇ ಬಾಕಿ. ಮಾವನ ಎನ್‌ಲಾರ್ಜರ್ ಅಂಗಡಿ ಖಾಲಿ ಮಾಡುವಾಗಲೇ ಗುಜರಿಗೆ ಹೋಯ್ತು. ಸೇಫ್‌ಲೈಟಿನ ಮಬ್ಬು ಕೆಂಪಲ್ಲಿ ಅವರಿಗೆ ಪೇಪರಿನ ಮೇಲೆ ಚಿತ್ರ ಮೂಡೋದು ಇನ್ನೂ ಕಾಣುತ್ತಂತೆ. ಹಾಗಾಗಿ ಈ ವರ್ಷವೇ ಆಗಬೇಕು. ಆರು-ಆರರ ನೆಗೆಟಿವ್ ಹಿಡಿಯುವ ಎನ್‌ಲಾರ್ಜರ್ ನಿಮ್ಮ ಮನೆ ಅಟ್ಟದಲ್ಲಿ ಇದ್ದರೆ ದಯವಿಟ್ಟು ತೂಕಕ್ಕೆ ಹಾಕಬೇಡಿ, ಪತ್ರಿಕೆಗೆ ಒಂದು ಸಾಲು ಬರೆಯಿರಿ.