ಬೆಸುಗೆಯ ಜನರೇಟರಿನ ಉಪಸಾಕೆಟ್ಟುಗಳು: ಅವುಗಳ ಉಪಯೋಗವೂ ಅಪಾಯವೂ

ಒಕ್ಕಲುತನದಲ್ಲಿ ಕಬ್ಬಿಣದ ಉಪಕರಣಗಳ ಬಳಕೆ ಹೆಚ್ಚಿದಷ್ಟೂ ಅವುಗಳ ದುರಸ್ತಿಯ ಕೆಲಸವೂ ಹೆಚ್ಚುವುದು ಸ್ವಾಭಾವಿಕ. ತುಂಗಭದ್ರಾ ಎಡದಂಡೆ ಕಾಲುವೆಯನ್ನು ನಂಬಿದ ಮಾನ್ವಿಯ ಭತ್ತದ ಗದ್ದೆಗಳಲ್ಲಿಯೂ, ನಾರಾಯಣಪುರ ಬಲದಂಡೆ ಕಾಲುವೆಯ ನೀರು ಕಂಡ ದೇವದುರ್ಗದ ಹೊಲಗಳಲ್ಲಿಯೂ ಟ್ರಾಕ್ಟರು, ಕೊಯ್ಲಿನ ಯಂತ್ರ, ಪಂಪು ಇವುಗಳಿಲ್ಲದೆ ಈಗ ಸುಗ್ಗಿ ಸಾಗದು. ಆದರೆ ಕಬ್ಬಿಣವು ಮುರಿಯುವುದಕ್ಕೆ ಹೊತ್ತು ಗೊತ್ತು ನೋಡುವುದಿಲ್ಲ. ೨೦೨೪ನೆಯ ಇಸವಿ ಆಗಸ್ಟ್ ೧೦ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ ೧೯ನೆಯ ಬಾಗಿಲು ಸರಪಳಿ ಕಡಿದು ಕೊಚ್ಚಿಹೋಯಿತು. ಉಕ್ಕಿನ ತಡೆಹಲಗೆಗಳನ್ನು ಸಿದ್ಧಪಡಿಸಿ ಇಳಿಸಿ ನೀರನ್ನು ತಡೆಯಲು ಸುಮಾರು ಒಂದು ವಾರ ಹಿಡಿಯಿತು. ಅಣೆಕಟ್ಟಿನಲ್ಲಿ ದೊಡ್ಡದಾಗಿ ಒದಗಿದ ಕಷ್ಟವೇ ಸಣ್ಣ ಪ್ರಮಾಣದಲ್ಲಿ ಹೊಲಹೊಲದಲ್ಲಿಯೂ ಒದಗುತ್ತಿರುವುದು.

ಕೊಯ್ಲಿನ ನಡುವೆ ಮುರಿದು ನಿಂತ ಯಂತ್ರವನ್ನು ರಾಯಚೂರು ಪಟ್ಟಣಕ್ಕೆ ಒಯ್ಯುವುದಕ್ಕಿಂತ, ಎಂಜಿನಿನಿಂದ ನಡೆಯುವ ಬೆಸುಗೆಯ ಜನರೇಟರನ್ನು ಟ್ರೇಲರಿನ ಮೇಲೆ ಹೊಲಕ್ಕೆ ತರುವುದು ಸುಲಭವಾದುದು. ಇಂಥ ಯಂತ್ರಗಳಲ್ಲಿ ಬೆಸುಗೆಯ ತಂತಿಗಳನ್ನು ಬಿಗಿಯುವ ಸ್ಥಾನಗಳಲ್ಲದೆ, ಬೇರೆ ಉಪಕರಣಗಳಿಗೆ ವಿದ್ಯುತ್ತನ್ನು ಕೊಡುವ ಒಂದೆರಡು ಸಾಕೆಟ್ಟುಗಳೂ ಇರುವುವು. ಉಜ್ಜುವ ಗ್ರೈಂಡರು, ರಂಧ್ರ ಕೊರೆಯುವ ಡ್ರಿಲ್ಲು, ರಾತ್ರಿಯ ದೀಪ ಇವುಗಳಿಗೆ ಈ ಉಪಸಾಕೆಟ್ಟುಗಳು ಬಹಳ ಪ್ರಯೋಜನಕಾರಿ. ಆದರೆ ಇವುಗಳ ಮಿತಿಯನ್ನು ಅರಿಯದೆ ಬಳಸಿದರೆ ಮೋಟಾರು ಸುಡುವುದು. ಅಕ್ರಮವಾಗಿ ಬಳಸಿದರೆ ಮನುಷ್ಯನ ಪ್ರಾಣವೇ ಹೋಗುವುದು.

ಶಕ್ತಿಯ ಲೆಕ್ಕ

ಬೆಸುಗೆಗೂ ಉಪಸಾಕೆಟ್ಟಿಗೂ ಶಕ್ತಿ ಒದಗುವುದು ಒಂದೇ ಎಂಜಿನಿನಿಂದ. ಕಾಲುವೆಯ ಮೇಲಿನ ತೂಬುಗಳನ್ನೆಲ್ಲ ಪೂರ್ತಿ ತೆರೆದರೆ ಕೊನೆಯ ಹೊಲಕ್ಕೆ ನೀರು ಮುಟ್ಟದೆಂಬುದು ಮಾನ್ವಿಯ ರೈತರಿಗೆ ಹೇಳಬೇಕಾದ ಮಾತಲ್ಲ. ಇಲ್ಲಿಯೂ ಹಾಗೆಯೇ. ೨೦೦ ಆಂಪಿಯರು ಪ್ರವಾಹದಲ್ಲಿ ಸುಮಾರು ೨೮ ವೋಲ್ಟಿನ ಬೆಸುಗೆ ನಡೆಯುತ್ತಿರುವಾಗ ಆ ಕಿಡಿಯೊಂದೇ ೫೬೦೦ ವಾಟು ಶಕ್ತಿಯನ್ನು ನುಂಗುವುದು. ಆದಕಾರಣ ಫಲಕದ ಮೇಲೆ ಬರೆದ ಉಪವಿದ್ಯುತ್ತಿನ ಪೂರ್ಣ ಪ್ರಮಾಣವು ಬೆಸುಗೆ ನಿಂತಿರುವಾಗ ದೊರೆಯತಕ್ಕದ್ದೆಂದು ತಿಳಿಯಬೇಕು. ಬೆಸುಗೆ ನಡೆದಿರುವಾಗ ಉಳಿಯುವ ಪಾಲೆಷ್ಟೆಂಬುದನ್ನು ಯಂತ್ರದ ಕೈಪಿಡಿಯಲ್ಲಿ ನೋಡತಕ್ಕದ್ದು.

ಉದಾಹರಣೆಗೆ, ಒಂದು ಯಂತ್ರದ ಉಪಸಾಕೆಟ್ಟಿನ ಶಕ್ತಿ ೨೩೦ ವೋಲ್ಟಿನಲ್ಲಿ ೪೦೦೦ ವಾಟು, ಅಂದರೆ ಸುಮಾರು ೧೭ ಆಂಪಿಯರು ಎಂದು ಇಟ್ಟುಕೊಳ್ಳೋಣ. ಗ್ರೈಂಡರಿಗೆ ೮೫೦, ಡ್ರಿಲ್ಲಿಗೆ ೬೦೦, ಎರಡು ದೀಪಗಳಿಗೆ ೧೦೦, ಒಟ್ಟು ೧೫೫೦ ವಾಟು. ಇದು ನಿರಾತಂಕವಾಗಿ ನಡೆಯುವುದು. ಇದರೊಡನೆ ಒಂದು ಅಶ್ವಶಕ್ತಿಯ ಪಂಪನ್ನೂ ಹಚ್ಚೋಣವೆಂದು ಜಮೀನುದಾರನಿಗೆ ಅನಿಸಬಹುದು. ತಿರುಗುತ್ತಿರುವ ಪಂಪಿಗೆ ಆರೇಳು ಆಂಪಿಯರು ಸಾಕು. ಆದರೆ ಹೊರಡುವ ಕ್ಷಣದಲ್ಲಿ ಅದು ಅದರ ನಾಲ್ಕೈದು ಪಟ್ಟು, ಅಂದರೆ ೩೦ ಆಂಪಿಯರಿನ ಸುಮಾರಿಗೆ, ಎಳೆಯುವುದು. ಹದಿನೇಳು ಕೊಡುವವನಿಂದ ಮೂವತ್ತು ಕೇಳಿದರೆ ಎಲ್ಲಿಂದ ಬರಬೇಕು? ಒತ್ತಡ ಕುಸಿದು, ಮೋಟಾರು ತಿರುಗದೆ ಗುಂಯ್‌ಗುಟ್ಟಿ ಕಾಯ್ದು, ಸುರುಳಿ ಸುಡುವುದು. ಆದ್ದರಿಂದ ಮೋಟಾರಿನ ವಿಷಯದಲ್ಲಿ ನಡೆಯುವ ಪ್ರವಾಹವನ್ನಲ್ಲ, ಹೊರಡುವ ಪ್ರವಾಹವನ್ನು ಲೆಕ್ಕ ಹಿಡಿಯಬೇಕು. ಶಕ್ತಿಗೆ ತಕ್ಕ ಮೋಟಾರಿದ್ದರೂ ಅದನ್ನು ಮೊದಲು ಒಂಟಿಯಾಗಿ ಹೊರಡಿಸಿ, ವೇಗ ಹಿಡಿದ ನಂತರ ಉಳಿದವುಗಳನ್ನು ಒಂದೊಂದಾಗಿ ಸೇರಿಸತಕ್ಕದ್ದು. ದಿನವೆಲ್ಲ ಪಂಪು ನಡೆಸುವುದಕ್ಕೆ ಬೆಸುಗೆಯ ಜನರೇಟರು ತಕ್ಕುದಲ್ಲ. ಸಣ್ಣ ಕೆಲಸಕ್ಕೆ ದೊಡ್ಡ ಎಂಜಿನನ್ನು ತಿರುಗಿಸಿದರೆ ಡೀಸೆಲ್ಲು ವ್ಯರ್ಥವಾಗುವುದು.

ವೇಗವೂ ತಂತಿಯೂ

ನಮ್ಮ ದೇಶದ ವಿದ್ಯುತ್ತು ಸೆಕೆಂಡಿಗೆ ೫೦ ಆವರ್ತನಗಳುಳ್ಳದ್ದು. ನೇರವಾಗಿ ಎಂಜಿನಿಗೆ ಜೋಡಿಸಿದ ಎರಡು ಧ್ರುವಗಳ ಜನರೇಟರು ನಿಮಿಷಕ್ಕೆ ೩೦೦೦ ಸುತ್ತು, ನಾಲ್ಕು ಧ್ರುವಗಳದು ೧೫೦೦ ಸುತ್ತು ತಿರುಗಿದಾಗ ಮಾತ್ರ ಈ ಪ್ರಮಾಣ ಬರುವುದು. ಎಷ್ಟೋ ಯಂತ್ರಗಳು ಬೆಸುಗೆ ನಿಂತೊಡನೆ ಎಂಧನದ ಉಳಿತಾಯಕ್ಕಾಗಿ ತಾವೇ ವೇಗ ತಗ್ಗಿಸುವುವು. ಆ ಸ್ಥಿತಿಯಲ್ಲಿ ಮೋಟಾರು ಹಚ್ಚಬಾರದು. ವೇಗದ ಸ್ವಿಚ್ಚನ್ನು ಪೂರ್ಣ ವೇಗಕ್ಕೆ ತಿರುಗಿಸಿದ ಮೇಲೆಯೇ ಹಚ್ಚಬೇಕು. ಕೆಲವು ಯಂತ್ರಗಳಲ್ಲಿ ಬೆಸುಗೆಯ ಪ್ರವಾಹವನ್ನು ಹೊಂದಿಸುವ ಗುಂಡಿಯೂ ಪೂರ್ಣ ಸ್ಥಾನದಲ್ಲಿದ್ದರೇನೇ ಉಪಸಾಕೆಟ್ಟಿನಲ್ಲಿ ಪೂರ್ಣ ಒತ್ತಡ ಬರುವುದು. ಹಳೆಯ ಕೆಲವು ಯಂತ್ರಗಳ ಸಾಕೆಟ್ಟಿನಲ್ಲಿ ಏಕಮುಖ ಪ್ರವಾಹವಿರುವುದುಂಟು. ಅದಕ್ಕೆ ಸಾಮಾನ್ಯ ಪಂಪಿನ ಮೋಟಾರನ್ನು ಸರ್ವಥಾ ಜೋಡಿಸಕೂಡದು. ಯಂತ್ರವನ್ನು ಬಾಡಿಗೆಗೆ ತರುವವರು ಮೊದಲು ಫಲಕವನ್ನು ಓದಿಸಿಕೊಳ್ಳುವುದು ಒಳ್ಳೆಯದು.

ತೆಳುವಾದ ತಂತಿಯೂ ಮೋಸ ಮಾಡುವುದು. ೫೦ ಮೀಟರು ಉದ್ದದ, ಒಂದು ಚದರ ಮಿಲಿಮೀಟರಿನ ತಾಮ್ರದ ತಂತಿಯಲ್ಲಿ ೧೦ ಆಂಪಿಯರು ಹರಿದರೆ ಹೋಗುಬರುವಲ್ಲಿ ಸುಮಾರು ೧೮ ವೋಲ್ಟು ನಷ್ಟವಾಗುವುದು. ಎರಡೂವರೆ ಚದರ ಮಿಲಿಮೀಟರಿನದಾದರೆ ಏಳು ವೋಲ್ಟು ಮಾತ್ರ. ಒದ್ದೆ ಗದ್ದೆಯಲ್ಲಿ ಹೊದಿಕೆ ಹರಿದ ತಂತಿಯನ್ನೆಳೆಯುವುದು ಮೃತ್ಯುವನ್ನು ಕರೆದಂತೆ. ಸಾಕೆಟ್ಟಿನ ರಕ್ಷಣಾ ಸ್ವಿಚ್ಚನ್ನೂ ಭೂಸಂಪರ್ಕವನ್ನೂ ತಿಳಿದ ಕೆಲಸಗಾರನಿಂದ ಪರೀಕ್ಷೆ ಮಾಡಿಸತಕ್ಕದ್ದು. ಎಂಜಿನಿನ ಹೊಗೆಯಲ್ಲಿ ವಾಸನೆಯಿಲ್ಲದ ವಿಷವಾಯುವಿರುವುದರಿಂದ ಅದನ್ನು ಮುಚ್ಚಿದ ಕೊಟ್ಟಿಗೆಯಲ್ಲಿ ನಡೆಸಬಾರದು. ಹತ್ತಿಯ ರಾಶಿ, ಹುಲ್ಲಿನ ಬಣವೆ ಇವುಗಳಿಂದ ಬೆಸುಗೆಯ ಕಿಡಿ ೩೫ ಅಡಿಗಳಿಗಿಂತಲೂ ದೂರವಿರಬೇಕು.

ಎಲ್ಲಕ್ಕಿಂತ ದೊಡ್ಡ ಅಪಾಯ

ಶಕ್ತಿನಗರದಲ್ಲಿ ೧೯೮೫ರಿಂದ ವಿದ್ಯುತ್ತು ಉತ್ಪನ್ನವಾಗುತ್ತಿದ್ದರೂ, ಗಾಳಿಮಳೆಗೆ ಕಂಬ ಬಿದ್ದರೆ ಅದೇ ಜಿಲ್ಲೆಯ ಹಳ್ಳಿಗೆ ಕತ್ತಲೆ ತಪ್ಪದು. ಅಂಥ ರಾತ್ರಿ ಮನೆಯ ಮುಂದೆ ಬೆಸುಗೆಯ ಜನರೇಟರು ನಿಂತಿದ್ದರೆ, ತಂತಿಯ ಎರಡು ತುದಿಗಳಿಗೂ ಪ್ಲಗ್ಗು ಬಿಗಿದು ಒಂದನ್ನು ಜನರೇಟರಿಗೆ, ಇನ್ನೊಂದನ್ನು ಗೋಡೆಯ ಸಾಕೆಟ್ಟಿಗೆ ತುರುಕುವ ಬುದ್ಧಿ ಕೆಲವರಿಗೆ ಹುಟ್ಟುವುದು. ಮನೆಯಲ್ಲಿ ದೀಪ ಉರಿಯುವುದೇನೋ ನಿಜ. ಆದರೆ ಆ ವಿದ್ಯುತ್ತು ಮನೆಯಲ್ಲಿಯೇ ನಿಲ್ಲುವುದಿಲ್ಲ. ಮೀಟರನ್ನು ದಾಟಿ ಕಂಬಕ್ಕೂ, ಕಂಬದಿಂದ ಟ್ರಾನ್ಸ್‌ಫಾರ್ಮರಿಗೂ ಹೋಗುವುದು. ೧೧,೦೦೦ ವೋಲ್ಟನ್ನು ಮನೆಯ ಒತ್ತಡಕ್ಕೆ ಇಳಿಸುವ ಟ್ರಾನ್ಸ್‌ಫಾರ್ಮರು, ಹಿಂದಿನಿಂದ ವಿದ್ಯುತ್ತು ಬಂದರೆ ಅದನ್ನೇ ಸಾವಿರಾರು ವೋಲ್ಟಿಗೆ ಏರಿಸುವುದು. ತಂತಿ ನಿರ್ಜೀವವಾಗಿದೆಯೆಂದು ನಂಬಿ, ಊರಿಗೆ ಬೆಳಕು ತರಲೆಂದೇ ಮಳೆಯಲ್ಲಿ ಕಂಬ ಹತ್ತಿದ ಲೈನ್‌ಮನ್ನನ ಕೈ ಆ ತಂತಿಯ ಮೇಲಿರುವುದು. ಒಂದು ಮನೆಯ ದೀಪಕ್ಕಾಗಿ ಇನ್ನೊಂದು ಮನೆಯ ದೀಪ ಆರಬೇಕೆ? ಆತನಿಗೂ ಹೆಂಡತಿ ಮಕ್ಕಳಿರುವರು. ಇದಲ್ಲದೆ, ಜೋಡಣೆ ಹಾಗೆಯೇ ಇರುವಾಗ ಕಂಪನಿಯ ವಿದ್ಯುತ್ತು ಮರಳಿ ಬಂದರೆ ಜನರೇಟರೂ ಹಾಳಾಗುವುದು, ಮನೆಗೆ ಬೆಂಕಿಯೂ ತಗಲಬಹುದು.

ಮನೆಯ ಅಥವಾ ಪಂಪಿನ ಕೋಣೆಯ ತಂತಿಗಳಿಗೆ ಜನರೇಟರಿನಿಂದ ವಿದ್ಯುತ್ತು ಬೇಕಾದರೆ ಒಂದೇ ಮಾರ್ಗವುಂಟು. ಕಂಪನಿಯ ತಂತಿಯನ್ನು ಪೂರ್ತಿಯಾಗಿ ಬೇರ್ಪಡಿಸಿದ ಹೊರತು ಜನರೇಟರಿನ ತಂತಿ ಸೇರಲಾರದಂಥ ಎರಡು ದಿಕ್ಕಿನ ಬದಲಿ ಸ್ವಿಚ್ಚನ್ನು, ಪರವಾನಗಿಯುಳ್ಳ ವಿದ್ಯುತ್ ಕೆಲಸಗಾರನಿಂದ, ಜೆಸ್ಕಾಂ ಕಚೇರಿಗೆ ತಿಳಿಸಿ ಹಾಕಿಸಿಕೊಳ್ಳತಕ್ಕದ್ದು. ಅದಿಲ್ಲದವರು ಉಪಸಾಕೆಟ್ಟಿನಿಂದ ನೇರವಾಗಿ ಉಪಕರಣಕ್ಕೆ ಮಾತ್ರ ತಂತಿಯನ್ನೆಳೆಯಬೇಕು. ಮೇನ್ ಸ್ವಿಚ್ಚನ್ನು ಆರಿಸಿದ್ದೇವೆಂಬ ಭರವಸೆ ಸಾಲದು. ಕತ್ತಲೆಯಲ್ಲಿ ಮರೆಯುವುದು ಮನುಷ್ಯಸಹಜ.

ಈ ವಿಷಯದಲ್ಲಿ ಗ್ರಾಮದ ಮುಖಂಡರ ಹೊಣೆ ದೊಡ್ಡದು. ಊರಿನಲ್ಲಿ ಯಾರ ಬಳಿ ಇಂಥ ಯಂತ್ರಗಳಿವೆಯೆಂಬುದು ಅವರಿಗೆ ತಿಳಿದಿರಬೇಕು. ಕಂಬದ ಕೆಲಸಕ್ಕೆ ಲೈನ್‌ಮನ್ನನು ಬಂದಾಗ ಎಲ್ಲಿ ಜನರೇಟರು ನಡೆಯುತ್ತಿದೆಯೆಂಬುದನ್ನು ಆತನಿಗೆ ಮೊದಲು ತಿಳಿಸುವ ಏರ್ಪಾಡು ಪ್ರತಿ ಹಳ್ಳಿಯಲ್ಲಿಯೂ ಇರಬೇಕು. ಎರಡು ತುದಿಗೂ ಪ್ಲಗ್ಗುಳ್ಳ ತಂತಿ ಯಾವ ಮನೆಯಲ್ಲಿ ಕಂಡರೂ ಅದನ್ನು ಅಲ್ಲಿಯೇ ಕತ್ತರಿಸಿಹಾಕಿಸಬೇಕು. ಇದಕ್ಕೆ ಹಣ ಬೇಕಿಲ್ಲ, ಸರಕಾರದ ಆಜ್ಞೆಗಾಗಿ ಕಾಯಬೇಕಿಲ್ಲ. ಮುಂಗಾರಿನ ಮೊದಲ ಗಾಳಿಗಿಂತ ಮುಂಚೆ ಒಂದು ಸಂಜೆ ಹಿರಿಯರೆಲ್ಲ ಕಲೆತು ಈ ಮಾತನ್ನು ಊರವರಿಗೆ ತಿಳಿಯಹೇಳಿದರೆ ಸಾಕು.